ಬಿದ್ದದ್ದು ಮೊದಲೋ, ಬಿರುಕು ಮೊದಲೋ

ನಂದಗುಡಿ ಹೋಬಳಿಯ ಆ ಊರಿನಲ್ಲಿ ಹಸು ಕಟ್ಟಿದವರೆಲ್ಲ ದಿನಕ್ಕೆರಡು ಸಲ ಚಲಪತಿಯ ಎದುರು ನಿಲ್ಲಲೇಬೇಕು. ಇಪ್ಪತ್ತಾರು ವರ್ಷದಿಂದ ಅವನು ಹಾಲಿನ ಡೈರಿಯಲ್ಲಿ ಟೆಸ್ಟರ್. ಲ್ಯಾಕ್ಟೋಮೀಟರ್ ಮುಳುಗಿಸುವ ಮೊದಲು ಅವನು ಹಾಲು ತಂದವರ ಮುಖ ನೋಡುತ್ತಾನೆ. ಆ ನೋಟಕ್ಕೆ ಸಿಕ್ಕಿದವರಿಗೆ, ಕೆಚ್ಚಲಿನಿಂದ ನೇರ ಕರೆದು ತಂದ ಹಾಲಿಗೂ ದಾರಿಯಲ್ಲೆಲ್ಲಾದರೂ ನೀರು ಬಿತ್ತೇನೋ ಎಂದು ತಮ್ಮ ಮೇಲೆ ತಮಗೇ ಅನುಮಾನ ಬರುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯನ್ನು ಬೇರೆಯವರು ಬಾಯಲ್ಲಿ ಆಡುತ್ತಾರೆ, ಚಲಪತಿ ಅದರಲ್ಲೇ ಸಂಸಾರ ಮಾಡುತ್ತಾನೆ. ಸ್ವಂತ ಅತ್ತೆ ಪಾಪಕ್ಕ ತಂದ ಹಾಲನ್ನೂ ಒಂದು ದಿನ ಎಲ್ಲರೆದುರು ವಾಪಸ್ಸು ಕಳಿಸಿದ್ದ. ಆ ವರ್ಷ ಹಬ್ಬಕ್ಕೆ ಅತ್ತೆಮನೆಯಿಂದ ಕರೆ ಬರಲಿಲ್ಲ.

ಮನೆಯಲ್ಲೂ ಅದೇ ಕಥೆ. ಗ್ಯಾಸ್ ಸಿಲಿಂಡರ್ ಬಂದರೆ ಎತ್ತಿ ಅಲ್ಲಾಡಿಸಿ ನೋಡಬೇಕು. ಬದನೆಕಾಯಿ ತಂದರೆ ಒಂದೊಂದನ್ನೂ ತಿರುವಿ ಹುಳದ ತೂತು ಹುಡುಕಬೇಕು. ಯಾರು ಏನು ಹೇಳಿದರೂ ಅವನದು ಒಂದೇ ಉತ್ತರ: "ನಾನು ನೋಡ್ಲಿಲ್ವಲ್ಲ." ಡೈರಿಯ ಕ್ಯಾನುಗಳು ಅದಲುಬದಲಾಗದಿರಲೆಂದು ನಂಬರ್ ಕೊರೆಯುವ ಕಬ್ಬಿಣದ ಅಚ್ಚುಗಳು ಅವನ ಹತ್ತಿರ ಇದ್ದವು. ಸುತ್ತಿಗೆಯಿಂದ ಒಂದೇಟು ಹಾಕಿದರೆ ಅಂಕಿ ಮೂಡುತ್ತದೆ, ಜನ್ಮದಲ್ಲಿ ಅಳಿಸುವುದಿಲ್ಲ. ಅವನ ಸದಸ್ಯತ್ವದ ನಂಬರ್ ನೂರಾ ಹದಿನೇಳು. ಆ ಅಂಕಿ ಅವನ ಮನೆಯ ಗುದ್ದಲಿ, ಹಾರೆ, ಬಿಂದಿಗೆ, ಪಾಯಸದ ಕೊಳಗ, ಮಗಳ ಸೈಕಲ್ಲು, ಎಲ್ಲದರ ಮೇಲೂ ಇತ್ತು. "ಇನ್ನು ನನ್ನ ಹಣೆ ಮೇಲೊಂದು ಬಾಕಿ" ಎಂದು ಹೆಂಡತಿ ಮುನಿವೆಂಕಟಮ್ಮ ಹೇಳುತ್ತಿದ್ದಳು.

ಮಗಳು ಮೋನಿಷಾಗೆ ಇಪ್ಪತ್ತಮೂರು. ಹೊಸಕೋಟೆಯ ಗೋದಾಮೊಂದರ ಆಫೀಸಿನಲ್ಲಿ ಕೆಲಸ. ಭಾನುವಾರ ಬಂದರೆ ಸೈಕಲ್ಲು ಹತ್ತಿ ಬೆಟ್ಟಗುಡ್ಡ ಹುಡುಕಿಕೊಂಡು ಹೋಗುವ ಹುಡುಗಿ. ಅವಳ ಸೈಕಲ್ಲು ಊರಿನ ಸೈಕಲ್ಲುಗಳ ಹಾಗಿರಲಿಲ್ಲ. ದಪ್ಪ ಟೈರು, ಮುಂದೆ ಮಾತ್ರ ಕುಲುಕು ನುಂಗುವ ಫೋರ್ಕು, ಹಿಂದೆ ಸ್ಪ್ರಿಂಗೂ ಇಲ್ಲ ಏನೂ ಇಲ್ಲ, ಬರೀ ಗಟ್ಟಿ ಫ್ರೇಮು. ಅದನ್ನು ಹಾರ್ಡ್‌ಟೇಲ್ ಎನ್ನುತ್ತಾರೆ. ಎರಡು ವರ್ಷದ ಹಿಂದೆ ದೇವನಹಳ್ಳಿಯ ಆಚೆ ಕಲ್ಲುಗುಡ್ಡದ ಇಳಿಜಾರಿನಲ್ಲಿ ಅವಳು ಬಿದ್ದಳು. ಹೆಗಲ ಮೂಳೆ ಮುರಿಯಿತು. ಫ್ರೇಮಿನ ಕೆಳಗಿನ ಕೊಳವೆ, ಹ್ಯಾಂಡಲಿನ ಕತ್ತಿನ ಹತ್ತಿರ, ಸೀಳಿತು.

ಯಾವುದು ಮೊದಲು? ಅಪ್ಪ ಮಗಳ ನಡುವೆ ಎರಡು ವರ್ಷದಿಂದ ಕೊಳೆಯುತ್ತಿದ್ದ ಜಗಳ ಇಷ್ಟೇ.

"ಮೊದ್ಲು ಫ್ರೇಮು ಬಿಟ್ಕೊಳ್ತು ಅಪ್ಪಾ, ಆಮೇಲೆ ನಾನು ಬಿದ್ದೆ" ಎಂದಳು ಆಸ್ಪತ್ರೆಯ ಮಂಚದಲ್ಲಿ ಮೋನಿಷಾ.

"ನೀನು ಬಿದ್ದಿದ್ದಕ್ಕೆ ಅದು ಮುರೀತು" ಎಂದ ಚಲಪತಿ. "ಒಂದ್ ಕೈಯಾಗೆ ಫೋನ್ ಹಿಡ್ಕಂಡು ವಿಡಿಯೋ ಮಾಡ್ತಿದ್ದೆ ಅಂತ ಕಾಣ್ತದೆ."

"ಫೋನು ಬ್ಯಾಗಲ್ಲಿತ್ತು. ನಿನ್ನಾಣೆ."

"ನಾನು ನೋಡ್ಲಿಲ್ವಲ್ಲ."

ಮೂಳೆ ಮುರಿದುಕೊಂಡು ಮಲಗಿದ ಮಗಳಿಗೆ ಆಡುವ ಮಾತಲ್ಲ ಅದು. ಆಡಿದ ಮೇಲೆ ಚಲಪತಿಗೂ ನಾಲಿಗೆ ಕಹಿಯಾಯಿತು. ಆದರೆ ನಂಬಿಕೆ ಎಂಬುದು ಅವನಿಗೆ ಬೇಕೆಂದಾಗ ಬರುವಂಥದ್ದಲ್ಲ. ಅಂದಿನಿಂದ ಮೋನಿಷಾ ಅವನ ಹತ್ತಿರ ಮಾತಾಡಿದ್ದು ಲೆಕ್ಕಕ್ಕೆ ಸಿಗುವಷ್ಟು: ಊಟಕ್ಕೆ ಬಾ, ಹಿಂಡಿ ಮುಗೀತು, ಕರೆಂಟು ಹೋಯ್ತು. ಮೊದಲು ಡೈರಿಯ ಕಟ್ಟೆಯ ಮೇಲೆ ಕೂತು ಅವನನ್ನು ಗೋಳು ಹೊಯ್ದುಕೊಳ್ಳುತ್ತಿದ್ದ ಹುಡುಗಿ ಅವಳು.

ಈ ವರ್ಷ ಅವಳು ಹೊಸ ಸೈಕಲ್ಲೊಂದನ್ನು ತಾನೇ ಕಟ್ಟಿಸಲು ಹೊರಟಳು. ಒಂದು ತಿಂಗಳು ಚಕ್ರ, ಒಂದು ತಿಂಗಳು ಫೋರ್ಕು, ಇನ್ನೊಂದು ತಿಂಗಳು ಬ್ರೇಕು, ಹೀಗೆ ಒಂದೊಂದೇ ಬಂದು ಅವಳ ಮಂಚದಡಿ ಸೇರಿತು. ಉಳಿದದ್ದು ಫ್ರೇಮು. ಅದನ್ನು ಆರಿಸಲು ಹೊಸಕೋಟೆಯ ದೇವೇಂದ್ರನ ಅಂಗಡಿಗೆ ಹೊರಟ ಭಾನುವಾರ ಚಲಪತಿ ಯಾರೂ ಕರೆಯದೆ ಚಪ್ಪಲಿ ಮೆಟ್ಟಿದ.

"ನಾನೂ ಬರ್ತೀನಿ. ಸಿಟಿ ಮಂದಿಗೆ ಸೈಕಲ್ ಕಟ್ಟೋನು ಅಂದ್ರೆ ಟೋಪಿ ಹಾಕದೆ ಬಿಡ್ತಾನಾ?"

ಮೋನಿಷಾ ಬ್ಯಾಗು ಹೆಗಲಿಗೇರಿಸಿದಳು. "ಬಾ. ಆದ್ರೆ ನಾನು ಬಿದ್ದಿದ್ ವಿಷ್ಯ ಅಲ್ಲಿ ಎತ್ಬೇಡ."

ಯಾಕೆ ಎತ್ತಬಾರದು? ಚಲಪತಿಯ ತಲೆಯೊಳಗೆ ಹುಳ ಬಿಟ್ಟಂತಾಯಿತು. ಬಸ್ಸಿನಲ್ಲಿ ಪೂರ್ತಿ ದಾರಿ ಅದನ್ನೇ ಮೆಲುಕು ಹಾಕಿದ.

ದೇವೇಂದ್ರನ ಅಂಗಡಿಯಲ್ಲಿ ಮೂರು ಫ್ರೇಮುಗಳು ಕೊಕ್ಕೆಗೆ ತೂಗುತ್ತಿದ್ದವು. ಒಂದು ಹೊಳೆಯುವ ಹೊಸ ಅಲ್ಯೂಮಿನಿಯಂ, ಒಂದು ಸಣ್ಣ ಕೊಳವೆಗಳ ಉಕ್ಕಿನದು, ಇನ್ನೊಂದು ಯಾರೋ ಓಡಿಸಿ ಮಾರಿದ ಹಸಿರು ಬಣ್ಣದ್ದು, ಅದೂ ಅಲ್ಯೂಮಿನಿಯಂ. ಹೊಸದು ಮೋನಿಷಾಗೆ ಉದ್ದವಾಯಿತು, ಕೈ ಚಾಚಿದರೆ ಬೆನ್ನು ಎಳೆಯುತ್ತದೆ ಎಂದಳು. ಉಕ್ಕಿನದಕ್ಕೆ ಅವಳ ಫೋರ್ಕು ಕೂರುವುದಿಲ್ಲ ಎಂದು ದೇವೇಂದ್ರನೇ ಹೇಳಿದ. ಹಸಿರಿನದು ಅಳತೆಗೆ ಸರಿಯಾಗಿತ್ತು. ಅವಳು ಅದರ ಮೇಲಿನ ಕೊಳವೆಯ ಉದ್ದಕ್ಕೂ ಕೈಯಾಡಿಸಿದ ರೀತಿಯಲ್ಲೇ ಅವಳ ಮನಸ್ಸು ಅಪ್ಪನಿಗೆ ಗೊತ್ತಾಯಿತು. ಗೊತ್ತಾದ್ದರಿಂದಲೇ ಅವನು ಮುಂದೆ ಬಂದ.

ಮೊದಲು ಮಡಕೆ ಬಾರಿಸುವ ಹಾಗೆ ಬೆರಳಿಂದ ಬಾರಿಸಿ ಕಿವಿಗೊಟ್ಟ. ಆಮೇಲೆ ಬಣ್ಣ ಮೂಸಿದ.

"ಮಾರಿದೋರು ಯಾಕೆ ಮಾರಿದ್ರು?"

"ಅವ್ರಿಗೆ ಚಿಕ್ಕದಾಯ್ತು ಯಜಮಾನ್ರೆ" ಎಂದ ದೇವೇಂದ್ರ.

"ಕೊಳ್ಳೋವಾಗ ಅವ್ರ ಕಾಲು ಗಿಡ್ಡಕಿತ್ತಾ?"

ದೇವೇಂದ್ರ ನಕ್ಕ. ಚಲಪತಿ ನಗಲಿಲ್ಲ. ಕೊಳವೆಯ ಪಕ್ಕದಲ್ಲೊಂದು ಸ್ಟಿಕ್ಕರ್ ಅವನ ಕಣ್ಣಿಗೆ ಬಿದ್ದಿತ್ತು. ಗಾಯ ಇರುವಲ್ಲಿ ಅರಿಶಿನ ಮೆತ್ತಿ ದನ ಮಾರುವವರನ್ನು ಕಂಡವನು ಅವನು. ಹೇಳದೆ ಕೇಳದೆ ಉಗುರು ಹಾಕಿ ಪರಪರ ಕೆರೆದುಬಿಟ್ಟ. ಅಡಿಯಲ್ಲಿ ಇದ್ದದ್ದು ಇನ್ನೂ ಮಾಸದ ಹಸಿರು ಬಣ್ಣ, ಅಷ್ಟೇ. ಮೋನಿಷಾ ನಾಚಿಕೆಯಿಂದ ಕಣ್ಣು ಮುಚ್ಚಿಕೊಂಡಳು.

ದೇವೇಂದ್ರನಿಗೆ ಸಿಟ್ಟು ಬಂದಿರಬೇಕು, ಆದರೂ ತಡೆದುಕೊಂಡ. "ಅನುಮಾನ ಪಡೋದಾದ್ರೆ ಸರಿಯಾದ ಜಾಗದಲ್ಲಿ ಪಡ್ರಿ ಯಜಮಾನ್ರೆ" ಎಂದು ಫ್ರೇಮನ್ನು ತಲೆಕೆಳಗು ಮಾಡಿದ. "ನೋಡ್ಬೇಕಾಗಿದ್ದು ಇಲ್ಲಿ. ಕೆಳಗಿನ ಪೈಪಿನ ಹೊಟ್ಟೆ, ಕತ್ತಿನ ಹತ್ರ. ಇಳಿಜಾರಲ್ಲಿ ಭಾರ ಎಲ್ಲಾ ಇಲ್ಲೇ ಎಳೆಯೋದು." ಮೂಲೆಯಿಂದ ಯಾವುದೋ ಮುರಿದ ಫ್ರೇಮಿನ ತುಂಡೊಂದನ್ನು ತಂದು ಮುರಿದ ಅಂಚನ್ನು ತೋರಿಸಿದ. ಅರ್ಧ ಕಪ್ಪಗಿತ್ತು, ಅರ್ಧ ಬೆಳ್ಳಗೆ.

"ಕಪ್ಪಗಿರೋದು ಹಳೇ ಬಿರುಕು. ದಿನಕ್ಕೆ ಕೂದಲೆಳೆಯಷ್ಟು ಬೆಳ್ದು, ಧೂಳು ಕುಡ್ದು ಕಪ್ಪಾಗಿರತ್ತೆ. ಬೆಳ್ಳಗಿರೋದು ಕೊನೇ ದಿನ ಮುರಿದಿದ್ದು. ಬಿದ್ದು ಒಂದೇ ಏಟಿಗೆ ಮುರಿದಿದ್ರೆ ಪೂರಾ ಬೆಳ್ಳಗಿರ್ಬೇಕು. ಬಿರುಕು ಸುಮ್ನೆ ಹುಟ್ಟೋದೂ ಇಲ್ಲ. ಒಂದು ತೂತೋ, ಗೀರೋ, ಏಟಿನ ಗುರುತೋ ಇರ್ಬೇಕು, ಅಲ್ಲಿಂದ ಶುರು."

ಚಲಪತಿ ಆ ತುಂಡನ್ನು ನೋಡಲಿಲ್ಲ, ಮಗಳನ್ನು ನೋಡಿದ. ಮೋನಿಷಾ ಸಟ್ಟನೆ ಮುಖ ತಿರುಗಿಸಿ ರಸ್ತೆಯ ಕಡೆ ನೋಡುತ್ತಿದ್ದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡಳಲ್ಲ ಎಂದುಕೊಂಡ ಅವನು. "ಯೋಚ್ನೆ ಮಾಡಿ ಹೇಳ್ತೀವಿ" ಎಂದು ಮಗಳ ಪರವಾಗಿ ತಾನೇ ಹೇಳಿ ಹೊರಟ.

ಮನೆಗೆ ಬಂದವನು ಮುದ್ದೆ ನುಂಗಿ ನೇರ ಕೊಟ್ಟಿಗೆಗೆ ಹೋದ. ಸಂಜೆಯ ಹಾಲಿಗೆ ಇನ್ನೂ ಹೊತ್ತಿತ್ತು. ಹಳೆಯ ಫ್ರೇಮು ಎರಡು ವರ್ಷದಿಂದ ಅಟ್ಟದ ಮೇಲೆ ಹುಲ್ಲಿನ ಸಂದಿಯಲ್ಲಿ ಬಿದ್ದಿತ್ತು. ದೇವೇಂದ್ರ ಹೇಳಿದ್ದು ವ್ಯಾಪಾರದ ಮಾತೋ ನಿಜವೋ, ಮಗಳು ಹೇಳಿದ್ದು ಸುಳ್ಳೋ ನಿಜವೋ, ಎರಡೂ ಒಂದೇ ಸಲ ತೀರಲಿ ಎಂದು ಅದನ್ನು ಇಳಿಸಿ ಬಾಗಿಲ ಬೆಳಕಿಗೆ ತಂದು ತಲೆಕೆಳಗು ಮಾಡಿದ.

ಕೊಳವೆಯ ಹೊಟ್ಟೆಯ ಮೇಲೆ ನಾಲಿಗೆ ಚಾಚಿದ ದೃಷ್ಟಿಬೊಂಬೆಯ ಸ್ಟಿಕ್ಕರ್ ಇತ್ತು. ಅದರ ಎರಡೂ ಬದಿಯಲ್ಲಿ ಬಿರುಕು ಬಾಯಿ ಬಿಟ್ಟುಕೊಂಡು ಮೇಲಕ್ಕೆ ಹೋಗಿತ್ತು. ಚಲಪತಿ ಬಗ್ಗಿ ನೋಡಿದ, ಇನ್ನೊಮ್ಮೆ ನೋಡಿದ. ಕೊಳವೆ ಸೀಳಿದೆ, ಸ್ಟಿಕ್ಕರ್ ಮಾತ್ರ ಸೀಳಿಲ್ಲ! ಅಂದರೆ ಇದು ಮುರಿದ ಮೇಲೆ ಅಂಟಿಸಿದ್ದು. ಮುರಿದು ಅಟ್ಟ ಸೇರಿದ ಫ್ರೇಮಿಗೆ ಯಾರ ದೃಷ್ಟಿ ತಾಗುತ್ತದೆ? ಏನನ್ನೋ ಮುಚ್ಚಿಟ್ಟಿದ್ದಾಳೆ. ಇಪ್ಪತ್ತಾರು ವರ್ಷ ಹಾಲಿನಲ್ಲಿ ನೀರು ಹಿಡಿದ ಕಣ್ಣು ಇದು, ನನ್ನ ಹತ್ತಿರ ನಡೆಯುತ್ತದಾ ಎಂದು, ಒಳಗೊಳಗೇ ಹಿಗ್ಗುತ್ತಲೇ, ಉಗುರು ಹಾಕಿ ಎಳೆದ.

ಅಡಿಯಲ್ಲಿ ಮೂರು ಅಂಕಿ ಇತ್ತು. ಒಂದು, ಒಂದು, ಏಳು.

ಅವನಿಗೆ ಆ ದಿನ ನೆನಪಾಯಿತು. ಸೈಕಲ್ಲು ಮನೆಗೆ ಬಂದ ಮಾರನೆಯ ದಿನ ಅದನ್ನು ತಿರುಗಿಸಿ, ಮಂಡಿಯಲ್ಲಿ ಅದುಮಿ, ಕಳ್ಳರ ಕೈಗೆ ಸಿಕ್ಕರೂ ಗುರುತು ಹಿಡಿಯಬಹುದೆಂದು ಸುತ್ತಿಗೆಯಿಂದ ಮೂರು ಸಲ ಬಡಿದಿದ್ದ. "ಅಪ್ಪಾ, ಅದು ತೆಳ್ಳಗಿರೋ ಅಲ್ಯೂಮಿನಿಯಂ" ಎಂದು ಮೋನಿಷಾ ಕೂಗಿಕೊಂಡು ಓಡಿ ಬಂದಿದ್ದಳು. "ಹಾಲಿನ ಕ್ಯಾನೂ ಅಲ್ಯೂಮಿನಿಯಮ್ಮೇ. ಅದಕ್ಕೇನಾಗದೆ?" ಎಂದಿದ್ದ.

ಏಳರ ಕಾಲಿನಿಂದಲೇ ಬಿರುಕು ಹೊರಟಿತ್ತು. ಎರಡೂ ಕೈಯಿಂದ ಅದನ್ನು ಅಗಲಿಸಿ ಬೆಳಕಿಗೆ ಹಿಡಿದ. ಅಂಕಿಯ ಅಕ್ಕಪಕ್ಕ ಹೆಬ್ಬೆರಳಿನುದ್ದ ಅಂಚು ಕರ್ರಗಿತ್ತು. ಅಲ್ಲಿಂದ ಮೇಲಕ್ಕೆ, ಎರಡು ವರ್ಷದ ಧೂಳಿನಡಿಯಲ್ಲೂ, ಬೆಳ್ಳಗಿತ್ತು.

ಮೊದಲು ಫ್ರೇಮು ಬಿಟ್ಟುಕೊಂಡಿತ್ತು. ಆಮೇಲೆ ಅವಳು ಬಿದ್ದಿದ್ದಳು. ಅವಳು ಹೇಳಿದ್ದು ಅಕ್ಷರಶಃ ಹಾಗೇ. ಮತ್ತೆ, ಬೀಳಿಸಿದವನು ತಾನು.

ಚಲಪತಿ ಹಸುವಿನ ಪಕ್ಕ ನೆಲದ ಮೇಲೆ ಕೂತುಬಿಟ್ಟ. ಹಾಲು ಕರೆಯಲು ಬಕೆಟ್ಟು ಹಿಡಿದು ಬಂದ ಮೋನಿಷಾ ಬಾಗಿಲಲ್ಲೇ ನಿಂತಳು. ಅವನ ತೊಡೆಯ ಮೇಲಿದ್ದ ಫ್ರೇಮು ನೋಡಿದಳು, ಅವನ ಬೆರಳಿಗೆ ಅಂಟಿದ್ದ ದೃಷ್ಟಿಬೊಂಬೆ ನೋಡಿದಳು.

"ನಿಂಗೊತ್ತಿತ್ತಾ?" ಎಂದ.

"ಆಸ್ಪತ್ರೆಯಿಂದ ಬಂದ್ಮೇಲೆ ತಿರುಗಿಸಿ ನೋಡ್ದೆ."

"ನಾನು ಅಷ್ಟೆಲ್ಲಾ ಅಂದ್ರೂ ಯಾಕವ್ವಾ ಬಾಯಿ ಬಿಡ್ಲಿಲ್ಲ? ಇದ್ನ ತಂದು ನನ್ ಮುಖದ ಮೇಲೆ ಹಿಡೀಬೇಕಿತ್ತು."

"ಹಿಡೀಬೇಕು ಅಂತಾನೇ ಎತ್ಕೊಂಡಿದ್ದೆ. ಕೋಪ ಇತ್ತಪ್ಪಾ. ನಂಬ್ಲಿಲ್ವಲ್ಲ ಅಂತ ಈಗ್ಲೂ ಇದೆ." ಬಕೆಟ್ಟು ಕೆಳಗಿಟ್ಟಳು. "ಆದ್ರೆ ನಾನು ಆಸ್ಪತ್ರೇಲಿದ್ದ ನಾಲ್ಕು ದಿನ ನೀನು ಒಂದು ತುತ್ತು ಅನ್ನ ತಿಂದಿಲ್ಲ ಅಂತ ಅಮ್ಮ ಹೇಳಿದ್ಲು. ಇದೂ ಗೊತ್ತಾದ್ರೆ ನೀನು ಉಳೀತೀಯಾ ಅನ್ನಿಸ್ತು. ಅದಕ್ಕೆ ಮುಚ್ಚಿದೆ."

ಚಲಪತಿ ಅತ್ತ. ಮದುವೆಯಾದ ಮೇಲೆ ಮನೆಯವರ ಎದುರು ಅವನು ಅತ್ತದ್ದು ಅದೇ ಮೊದಲು. "ತಪ್ಪಾಯ್ತು ಕಣವ್ವಾ" ಎಂದ. ಎರಡು ಸಲ ಅಂದ. ಮೋನಿಷಾ ಅವನ ಬೆರಳಿನಿಂದ ಸ್ಟಿಕ್ಕರ್ ಬಿಡಿಸಿ ಉಂಡೆ ಮಾಡಿ ಬಿಸಾಕಿ, ಹಾಲು ಕರೆಯಲು ಕೂತಳು. ಅಂದು ಸಂಜೆ ಡೈರಿಯಲ್ಲಿ ಅವನು ಯಾರ ಮುಖವನ್ನೂ ನೋಡಲಿಲ್ಲ. ಬರೀ ಹಾಲು ನೋಡಿದ.

ಮುಂದಿನ ಭಾನುವಾರ ಇಬ್ಬರೂ ಮತ್ತೆ ಹೊಸಕೋಟೆಗೆ ಹೋದರು. ಮೋನಿಷಾ ಹಸಿರು ಫ್ರೇಮು ಇಳಿಸಿಕೊಂಡು, ಹೊಟ್ಟೆ, ಕತ್ತು, ಬೆಸುಗೆಯ ಅಂಚು, ಎಲ್ಲವನ್ನೂ ಫೋನಿನ ಬೆಳಕು ಬಿಟ್ಟು ನಿಧಾನವಾಗಿ ನೋಡಿ, "ಇದೇ ಇರ್ಲಿ" ಎಂದಳು. ಚಲಪತಿ ಅಷ್ಟು ಹೊತ್ತೂ ಬಾಗಿಲ ಹತ್ತಿರ, ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತಿದ್ದ. ಬೆರಳುಗಳು ತುರಿಸುತ್ತಿದ್ದವು.

ದೇವೇಂದ್ರನಿಗೆ ಕಳೆದ ವಾರದ ಸ್ಟಿಕ್ಕರ್ ಮರೆತಿರಲಿಲ್ಲ. ಫ್ರೇಮನ್ನು ತಲೆಕೆಳಗು ಮಾಡಿ ಅವನ ಮುಂದೆಯೇ ಹಿಡಿದ. "ಬನ್ನಿ ಯಜಮಾನ್ರೆ, ಬಾರ್ಸಿ, ಮೂಸಿ, ಕೆರ್ದು ನೋಡ್ಕೊಂಬಿಡಿ. ಆಮೇಲೆ ನಾನು ನೋಡ್ಲಿಲ್ಲ ಅನ್ಬೇಡಿ."

"ಮೋನಿ ನೋಡವ್ಳೆ" ಎಂದ ಚಲಪತಿ. "ಸೈಕಲ್ ಕಟ್ಟಪ್ಪಾ."