ಅವ್ವನ ಮುಯ್ಯಿ

ನಮ್ಮ ಹೆತ್ತೂರು ಕಡೆ ನಾಟಿಗೋ ಕಾಫಿ ಕೊಯ್ಲಿಗೋ ಯಾರಾದರೂ ನಮ್ಮಲ್ಲಿಗೆ ಬಂದು ದುಡಿದರೆ, ನಾವೂ ಅವರಲ್ಲಿಗೆ ಹೋಗಿ ಅಷ್ಟೇ ದುಡಿದುಕೊಡಬೇಕು. ಅದಕ್ಕೆ ಮುಯ್ಯಿ ಎನ್ನುತ್ತಾರೆ. ಅವ್ವ ಈ ವಿಷಯದಲ್ಲಿ ಬಲು ಕಟ್ಟುನಿಟ್ಟು. ಮೈ ಕೆಂಡವಾಗಿದ್ದರೂ ಮಳೆಗೆ ತಲೆ ಮೇಲೆ ಕಂಬಳಿಕೊಪ್ಪೆ ಹಾಕಿಕೊಂಡು ಮುಯ್ಯಿಗೆ ಹೊರಟುಬಿಡುತ್ತಿದ್ದಳು. ಅಪ್ಪ ತೀರಿಕೊಂಡ ಮೇಲೆ ನಮ್ಮನ್ನು ಕೈಹಿಡಿದು ನಡೆಸಿದವನು ಯೇಸು ಎಂದು ನಂಬಿ ನಾವಿಬ್ಬರೂ ಚರ್ಚಿನ ಸಭೆಗೆ ಸೇರಿದೆವು. ಅವ್ವ ಮುಯ್ಯಿಯನ್ನೂ ಜೊತೆಗೇ ಕರೆತಂದಿದ್ದಾಳೆಂದು ನನಗೆ ಹೊಳೆಯಲೇ ಇಲ್ಲ.

ಹೊಳೆದದ್ದು ಕ್ಯಾನ್ಸರ್ ಅವಳ ಬೆನ್ನುಮೂಳೆಗೆ ಇಳಿದಾಗ. ನೋವಿಗೆಂದು ಡಾಕ್ಟರು ಕೊಟ್ಟ ಮಾತ್ರೆಯನ್ನು ಅವಳು ಮುಟ್ಟಲೊಲ್ಲಳು.

"ಅವ್ನು ನಂಗೋಸ್ಕರ ಶಿಲುಬೇಲಿ ಮೊಳೆ ಹೊಡಿಸ್ಕಂಡ. ನಾನು ಇಷ್ಟಾದ್ರೂ ತಡ್ಕಳ್ದೆ ಹೋದ್ರೆ ಮುಯ್ಯಿ ಉಳ್ಕಂಬುಡ್ತದೆ ಕಣೆ," ಎಂದಳು.

ಹಲ್ಲು ಕಚ್ಚಿ ಮಲಗಿದವಳನ್ನು ನೋಡಿದರೆ ಸಂಕಟವಾಗುತ್ತಿತ್ತು. ಸಿಟ್ಟೂ ಬರುತ್ತಿತ್ತು. ರೇಗಿದೆ, ಗೋಗರೆದೆ. ಕೊನೆಗೆ ಸಕಲೇಶಪುರದಿಂದ ಪಾಸ್ಟರನ್ನು ಕರೆಸಿದೆ. ಅವರು ಹಾಸಿಗೆಯ ಪಕ್ಕ ಕೂತು, "ಅದು ಕೃಪೆ ಕಣಮ್ಮ. ಅವನು ವಾಪಸ್ ಏನೂ ಕೇಳಲ್ಲ," ಎಂದರು.

"ಮುಯ್ಯಿ ಬ್ಯಾಡ ಅನ್ನೋದು ಕೈಲಾಗ್ದೋರಿಗೆ ಸ್ವಾಮಿ," ಎಂದಳು ಅವ್ವ. "ನಂಗಿನ್ನೂ ಆಯ್ತದೆ."

ಪಾಸ್ಟರು ಪ್ರಾರ್ಥನೆ ಮಾಡಿ ಹೊರಟುಹೋದರು.

ಒಂದು ಮಧ್ಯಾಹ್ನ ಮೈ ಒರೆಸಿ ಬಟ್ಟೆ ಬದಲಿಸುತ್ತಿದ್ದೆ. ಅವ್ವನ ಕಣ್ಣು ತುಂಬಿತು. "ನಿನ್ನ ಮುಯ್ಯಿ ಹ್ಯಾಗ್ ತೀರಿಸ್ಲಿ ಮಗಾ?"

ನನಗೆ ಮೈಯೆಲ್ಲ ಉರಿದುಹೋಯಿತು. "ನಾನು ಹುಟ್ಟಿದಾಗ ಹೇಲು ಉಚ್ಚೆ ಬಳಿದ್ಯಲ್ಲ, ಮುಯ್ಯಿ ಬತ್ತದೆ ಅಂತ ಬಳಿದ್ಯಾ?"

"ನೀನು ನನ್ ಮಗಳಲ್ವೇನೆ."

"ನೀನು ಅವನ ಮಗಳು ಕಣವ್ವ."

ಅವ್ವ ದಿಂಬಿನ ಪಕ್ಕದಲ್ಲಿದ್ದ ಮಾತ್ರೆಯ ಕಡೆ ನೋಡಿದಳು. ಆಮೇಲೆ ಬಾಯಿ ತೆರೆದಳು. ಮಾತ್ರೆ ಇಟ್ಟು ನೀರು ಕುಡಿಸಿದೆ. ನೋವು ಇಳಿಯುತ್ತ ಬಂದಂತೆ ಅವಳ ಹಣೆಯ ಗಂಟು ಸಡಿಲವಾಯಿತು. ಸದ್ಯ ಗೆದ್ದೆ ಎಂದು ನಾನು ಸಂತೋಷಕ್ಕೆ ಅಳುತ್ತಿದ್ದೆ. ಆಗ ಅವಳು ಮೆಲ್ಲಗೆ ಕೇಳಿದಳು.

"ಹಂಗಾರೆ ಇಷ್ಟು ದಿನ ನಾನು ತಡ್ಕಂಡಿದ್ದು ಯಾರಿಗೂ ಬ್ಯಾಡಾಗಿತ್ತಾ?"

ನಾನು ಅವಳ ಹೊದಿಕೆ ಸರಿಮಾಡಿದೆ. ಆ ವಾರವೇ ಅವ್ವ ಹೋಗಿಬಿಟ್ಟಳು.

ಅವಳು ಈಗ ಯೇಸುವಿನ ಹತ್ತಿರವೇ ಇದ್ದಾಳೆ, ಅದರಲ್ಲಿ ನನಗೆ ಸಂಶಯವಿಲ್ಲ. ಹೋದವಳೇ ಮೊದಲು ಆ ಪ್ರಶ್ನೆಯನ್ನೇ ಕೇಳಿರುತ್ತಾಳೆ. ಅವಳಿಗೆ ಏನು ಹೇಳಿದೆಯೋ ಅದನ್ನು ನನಗೂ ಹೇಳಪ್ಪ ಎಂದು ದಿನಾ ಬೇಡಿಕೊಳ್ಳುತ್ತೇನೆ.