ಗೋಡೆಗೆ ದಾರಿ ಬಿಡುತ್ತಿದ್ದ ಸಿಗ್ನಲ್

ಕಾಯುವುದೆಂದರೆ ನನಗೆ ಮೊದಲಿನಿಂದಲೂ ಆಗದು. ಹೀಗೆಂದು ಒಪ್ಪಿಕೊಳ್ಳಲು ನನಗೇನೂ ಸಂಕೋಚವಿಲ್ಲ, ಏಕೆಂದರೆ ನಾನು ಸಂಬಳ ಎಣಿಸುವುದೇ ಅದರಿಂದ. ಕುವೈತಿನ ಶುವೈಖ್ ಇಂಡಸ್ಟ್ರಿಯಲ್ ಏರಿಯಾದಲ್ಲಿ ಲಿಫ್ಟ್ ಮಾರುವ ಒಂದು ಕಂಪನಿಯಲ್ಲಿ ನಾನು ಎಂಜಿನಿಯರ್. ಎಷ್ಟು ಮಹಡಿಗೆ ಎಷ್ಟು ಲಿಫ್ಟ್ ಇಟ್ಟರೆ ಗುಂಡಿ ಒತ್ತಿದವರು ಸಿಡಿಮಿಡಿಗೊಳ್ಳುವ ಮೊದಲೇ ಬಾಗಿಲು ತೆರೆದೀತು ಎಂದು ಯೋಚಿಸುವುದು ನನ್ನ ಕೆಲಸ. ಮೈಸೂರಿನಲ್ಲಿದ್ದಾಗ ಹಾಲು ಉಕ್ಕುವವರೆಗೆ ಒಲೆಯ ಮುಂದೆ ನಿಲ್ಲಲಾರದೆ ಎಷ್ಟು ಸಲ ಒಲೆ ತೊಳೆದಿದ್ದೇನೋ ಲೆಕ್ಕವಿಲ್ಲ. ಇಂಥವಳ ದಾರಿಯಲ್ಲಿ, ಆಫೀಸಿನಿಂದ ಹವಲ್ಲಿಯ ಮನೆಗೆ ಹೋಗುವ ತಿರುವಿನಲ್ಲಿ, ಆ ಸಿಗ್ನಲ್ ನಿಂತಿತ್ತು.

ಅದು ತೀರ ಹಳೆಯದು. ಬೇರೆಲ್ಲ ಕಡೆ ಮಿನುಗುವ ಹೊಸ ದೀಪಗಳು ಬಂದಿದ್ದರೂ ಇದರೊಳಗೆ ಇನ್ನೂ ಬಲ್ಬು ಉರಿಯುತ್ತಿತ್ತು. ಬಿಸಿಲು ತಿಂದು ತಿಂದು ಅದರ ಕೆಂಪು ಗಾಜು ನೀರು ಹೆಚ್ಚಾದ ಟೊಮೆಟೊ ಸಾರಿನ ಬಣ್ಣಕ್ಕೆ ತಿರುಗಿತ್ತು. ದೀಪಗಳ ಮೇಲಿನ ಟೋಪಿಗಳಲ್ಲಿ ವರ್ಷಗಳ ಮರಳು ಕೂತಿತ್ತು. ಬಣ್ಣ ಬದಲಾಗುವ ಮೊದಲು ಕಂಬದ ಬುಡದ ಪೆಟ್ಟಿಗೆಯಿಂದ ‘ಟಕ್’ ಎಂದು ಸದ್ದು ಬರುತ್ತಿತ್ತು, ಮಾತಾಡುವ ಮೊದಲು ಗಂಟಲು ಸರಿಮಾಡಿಕೊಳ್ಳುವ ಹಿರಿಯರ ಹಾಗೆ. ಮಧ್ಯಾಹ್ನದ ಬಿಸಿಲು ಎದುರಿಗಿದ್ದರೆ ಯಾವ ದೀಪ ಉರಿಯುತ್ತಿದೆ ಎಂದು ಯಾರಿಗೂ ತಿಳಿಯುತ್ತಿರಲಿಲ್ಲ. ಆಗ ನಾವು ಚಾಲಕರೆಲ್ಲ ಕಿಟಕಿಯ ಗಾಜು ಇಳಿಸಿ ಆ ‘ಟಕ್’ಗಾಗಿ ಕಿವಿಗೊಟ್ಟು ಕೂರುತ್ತಿದ್ದೆವು.

ಇದೆಲ್ಲ ಸಹಿಸಬಹುದಾಗಿತ್ತು. ವಿಚಿತ್ರ ಬೇರೆಯೇ ಇತ್ತು. ಅಲ್ಲಿ ಕೂಡುತ್ತಿದ್ದುದು ಮೂರು ರಸ್ತೆ; ಸಿಗ್ನಲ್ ಇದ್ದುದು ನಾಲ್ಕು ದಿಕ್ಕಿಗೆ. ನಾಲ್ಕನೆಯ ದಿಕ್ಕಿನಲ್ಲಿ ಎರಡು ಕಾರು ನಿಲ್ಲುವಷ್ಟು ಡಾಂಬರು, ಅದರಾಚೆ ಒಂದು ಗೋಡೌನಿನ ಹಳದಿ ಗೋಡೆ. ಸರದಿ ಬಂದಾಗ ಆ ಗೋಡೆಗೂ ಹಸಿರು ದೀಪ ಬೀಳುತ್ತಿತ್ತು. ಅಷ್ಟು ಹೊತ್ತೂ ನಾವು ಮೂರು ಕಡೆಯವರೂ ಕೆಂಪಿನಲ್ಲಿ ಕಟ್ಟಿಹಾಕಿದಂತೆ ನಿಂತು, ಗೋಡೆ ಹೊರಡುವುದನ್ನೇ ಕಾಯುತ್ತಿದ್ದೆವು. ಲಾರಿಯವರು ಇಳಿದು ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತಿದ್ದರು. ಗೋಡೆ ಮಾತ್ರ ಒಂದು ದಿನವೂ ಹೊರಡಲಿಲ್ಲ.

ನಮ್ಮ ಆಫೀಸಿನ ಡ್ರೈವರ್ ಹಮೀದ್ ಭಾಯಿ ಉಪ್ಪಿನಂಗಡಿ ಕಡೆಯವರು, ನನಗಿಂತ ಬಹಳ ಮೊದಲೇ ಕುವೈತಿಗೆ ಬಂದವರು. ಇದೇನು ಕಥೆ ಎಂದು ಅವರನ್ನು ಕೇಳಿದೆ.

“ಮೊದ್ಲು ಅಲ್ಲಿ ರೋಡ್ ಇತ್ತು ಮೇಡಂ” ಎಂದರು. “ಮತ್ತೆ ಗೋಡೌನ್ ಕಟ್ಟಿದ್ರು. ಸಿಗ್ನಲಿಗೆ ಯಾರೂ ಹೇಳ್ಲಿಲ್ಲ, ಅಷ್ಟೇ.”

ಆ ಮಾತು ಕೇಳಿದ ದಿನದಿಂದ ನನಗೆ ಆ ಸಿಗ್ನಲ್ ಮೇಲಿನ ಸಿಟ್ಟು ಅರ್ಧ ಇಳಿಯಿತು. ಉಳಿದ ಅರ್ಧ ಇಳಿಸಿದವಳು ನನ್ನ ಮಗಳು ಸಿರಿ.

ಸಿರಿ ಹುಟ್ಟಿದ್ದೂ ಬೆಳೆದದ್ದೂ ಇಲ್ಲೇ. ನಾವು ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದಳು. ಇಲ್ಲಿನ ನಮ್ಮವರ ಮನೆಗಳಲ್ಲೆಲ್ಲ ಹೀಗೇ. ಅಪ್ಪ ಅಮ್ಮ ಒಂದು ಭಾಷೆಯಲ್ಲಿ ಊಟಕ್ಕೆ ಕರೆಯುತ್ತಾರೆ, ಮಕ್ಕಳು ಇನ್ನೊಂದರಲ್ಲಿ ಬೇಡ ಅನ್ನುತ್ತಾರೆ. ಶಾಲೆಯ ವ್ಯಾನು ಅವಳನ್ನು ಮಧ್ಯಾಹ್ನ ನನ್ನ ಆಫೀಸಿಗೇ ಬಿಡುತ್ತಿತ್ತು, ಸಂಜೆ ಇಬ್ಬರೂ ಒಟ್ಟಿಗೆ ಮನೆಗೆ ಹೋಗುತ್ತಿದ್ದೆವು. ಅವಳು ಏಳನೆಯ ಕ್ಲಾಸಿನಲ್ಲಿದ್ದಾಗ ಒಂದು ದಿನ ಆ ಕೆಂಪಿನಲ್ಲಿ ಕೂತು ಬೇಸರವಾಗಿ, ಹಸಿರು ಬರುವವರೆಗೆ ಇಬ್ಬರೂ ಕನ್ನಡ ಮಾತ್ರ ಆಡಬೇಕು ಎಂಬ ಆಟ ಕಟ್ಟಿದೆ. ಗೋಡೆಯ ಸರದಿ ದೊಡ್ಡದಾದ್ದರಿಂದ ಅವಳಿಗೆ ಬೇಕಾದಷ್ಟು ಸಮಯ ಸಿಗುತ್ತಿತ್ತು.

ಮೊದಮೊದಲು ಅವಳ ಕನ್ನಡ ಕೇಳಿ ನಗು ತಡೆಯುವುದೇ ಕಷ್ಟವಾಗುತ್ತಿತ್ತು. ಹಸಿವಾಗಿದೆ ಎನ್ನಲು “ಹೊಟ್ಟೆ ಉರೀತಿದೆ” ಎಂದಳು. ಟೀಚರ್ ಬೈದರು ಎನ್ನಲು ಹೋಗಿ “ಟೀಚರ್ ಇವತ್ತು ನನ್ನ ಮೇಲೆ ಬಿದ್ದರು” ಎಂದು ಹೇಳಿ ನನ್ನನ್ನು ಗಾಬರಿಗೊಳಿಸಿದಳು. ಆದರೆ ದಿನವೂ ಅಷ್ಟಿಷ್ಟು ಆಡುತ್ತ ಆಡುತ್ತ ಮೂರು ವರ್ಷದಲ್ಲಿ ಅವಳ ಮಾತು ನೆಟ್ಟಗಾಯಿತು. ಹಸಿರು ಬಿದ್ದ ತಕ್ಷಣ ಮತ್ತೆ ಇಂಗ್ಲಿಷಿಗೆ ಮರಳುತ್ತಿದ್ದಳು ಎಂಬುದು ಬೇರೆ ಮಾತು. ಸಿಗ್ನಲಿಗೆ ನಾವು ಕನ್ನಡದಲ್ಲಿ ಸಂಕೇತ ಅನ್ನುತ್ತೇವಲ್ಲ, ಹಳೆಯ ಕಾವ್ಯಗಳಲ್ಲಿ ಸಂಕೇತವೆಂದರೆ ಪ್ರೇಮಿಗಳು ಗುಟ್ಟಾಗಿ ಕೂಡುವ ಜಾಗ. ಲತಾಮಂಟಪವೋ ನದೀತೀರವೋ ಇರಬೇಕಾಗಿತ್ತು. ನಮಗೆ ಸಿಕ್ಕಿದ್ದು ಟೈರ್ ಅಂಗಡಿ ಮತ್ತು ಸೈಲೆನ್ಸರ್ ರಿಪೇರಿಯವರ ನಡುವಿನ ಕೂಡುರಸ್ತೆ. ಆದರೂ ತಾಯಿ ಮಗಳು ಅಲ್ಲಿ ಕೂಡುತ್ತಿದ್ದೆವು.

ಅವಳು ಹತ್ತನೆಯ ಕ್ಲಾಸಿಗೆ ಬಂದಾಗ ನಮ್ಮ ಮನೆಯಲ್ಲಿ ಒಂದು ತೀರ್ಮಾನವಾಯಿತು. ಮುಂದಿನ ಓದಿಗೆ ಅವಳನ್ನು ಮೈಸೂರಿಗೆ, ನನ್ನ ಅಕ್ಕನ ಮನೆಗೆ ಕಳಿಸುವುದು. ಇಲ್ಲಿ ಅನೇಕರು ಹಾಗೆ ಮಾಡುತ್ತಾರೆ. ಅಕ್ಕ ಸಂತೋಷದಿಂದ ಒಪ್ಪಿ, ಆಮೇಲೆ ಸಿರಿ ಆರಿಸಿದ ಬಣ್ಣವನ್ನೇ ಕೋಣೆಗೆ ಹೊಡೆಸಿದಳು. ನನ್ನ ಗಂಡ ಪೇಟೆ ನಡುವಿನ ಮಿರ್ಕಾಬಿನ ಒಂದು ಆಫೀಸಿನಲ್ಲಿ ದಿನವಿಡೀ ಕಂಪ್ಯೂಟರಿನ ಮುಂದೆ ಕೂತು ಬರುವ ಮಿತಭಾಷಿ. ನಾನು ಹೇಳಿದ್ದಕ್ಕೆ ತಲೆಯಾಡಿಸಿದರು. ಸಿರಿಗೆ ಊಟದ ಹೊತ್ತಿನಲ್ಲಿ ತಿಳಿಸಿದೆವು. ‘ಓಕೆ’ ಎಂದಳು. ಆ ಓಕೆಯನ್ನು ನಾನು ಒಪ್ಪಿಗೆಯೆಂದು ತಿಳಿದು ಟಿಕೆಟ್ ನೋಡತೊಡಗಿದೆ.

ಪರೀಕ್ಷೆಗಳು ಮುಗಿದ ಮೇಲಿನ ಒಂದು ಸಂಜೆ. ಗಾಳಿಯಲ್ಲಿ ಧೂಳಿತ್ತು, ಆಕಾಶ ಗೋಧಿ ಹಿಟ್ಟಿನ ಬಣ್ಣವಾಗಿತ್ತು. ಕೆಂಪು ಬಿತ್ತು, ನಿಂತೆವು.

“ಅಮ್ಮ, ನಾನು ಮೈಸೂರಿಗೆ ಹೋಗಲ್ಲ” ಎಂದಳು ಸಿರಿ.

ನಾನು ತಿರುಗಿ ನೋಡಿ ಇಂಗ್ಲಿಷಿನಲ್ಲಿ ಶುರುಮಾಡಿದೆ. ಇದೆಲ್ಲ ಮಾತಾಡಿ ಮುಗಿದಿದೆ, ನೀನೂ ಒಪ್ಪಿದ್ದೆ, ಎಂದು. ಅವಳು ಬೆರಳೆತ್ತಿ ಸಿಗ್ನಲ್ ತೋರಿಸಿದಳು.

“ರೆಡ್ ಇದೆ. ಕನ್ನಡದಲ್ಲಿ ಹೇಳು.”

ಹೇಳಲು ಹೊರಟೆ. ಕಾಂಪಿಟಿಷನ್, ಫೌಂಡೇಷನ್, ಎಕ್ಸ್‌ಪೋಷರ್ ಎಂದು ನನ್ನ ಬಳಿ ದೊಡ್ಡ ದೊಡ್ಡ ವಾದಗಳಿದ್ದವು. ಇಂಗ್ಲಿಷನ್ನು ಪಕ್ಕಕ್ಕಿಟ್ಟು ನೋಡಿದರೆ ಅವುಗಳಲ್ಲಿ ಒಂದೂ ನಿಲ್ಲಲಿಲ್ಲ. ಕೊನೆಗೆ, ನಿನಗೆ ಒಳ್ಳೆಯದಾಗಲಿ ಅಂತ ಕಣೇ, ಎಂದಷ್ಟೇ ಬಾಯಿಗೆ ಬಂತು.

ಅವಳು ಮಡಿಲಲ್ಲಿದ್ದ ಬ್ಯಾಗಿನ ಪಟ್ಟಿ ಸುತ್ತುತ್ತ, ಪದಗಳನ್ನು ಒಂದೊಂದಾಗಿ ಹುಡುಕಿಕೊಂಡು ಹೇಳಿದಳು. “ದೊಡ್ಡಮ್ಮ ತುಂಬಾ ಒಳ್ಳೆಯವರು. ಆದ್ರೆ ಅಲ್ಲಿ ನಾನು ನೆಂಟಳು. ಇಲ್ಲಿ ಮನೆಯವಳು. ಇಂಗ್ಲಿಷಲ್ಲಿ ಹೇಳಿದ್ರೆ ನೀನು ಆರ್ಗ್ಯೂ ಮಾಡ್ತೀಯ ಅಮ್ಮ. ಕನ್ನಡದಲ್ಲಿ ಹೇಳಿದ್ರೆ ಕೇಳಿಸ್ಕೋತೀಯ. ಅದಕ್ಕೇ ಇಲ್ಲಿವರೆಗೆ ಕಾದೆ.”

ಟಕ್ ಎಂದಿತು. ಹಸಿರು ಬಿತ್ತು. ನನ್ನ ಕಾಲು ಬ್ರೇಕಿನ ಮೇಲಿಂದ ಏಳಲಿಲ್ಲ. ಹಿಂದಿನಿಂದ ಹಾರ್ನ್‌ಗಳು ಮೊಳಗಿದವು. ಅವಳು ಅಳುತ್ತಿದ್ದಳು, ನಾನೂ ಅಳುತ್ತಿದ್ದೆ. ಇಡೀ ಒಂದು ಸುತ್ತು ಕಳೆದು ಮತ್ತೆ ಕೆಂಪಾಯಿತು. ಅಷ್ಟರಲ್ಲಿ ಯಾರೋ ಕಿಟಕಿ ತಟ್ಟಿದರು. ನೋಡಿದರೆ ಟ್ರಾಫಿಕ್ ಪೊಲೀಸ್.

ನನ್ನ ಅರಬ್ಬಿ, ನಡಿ ಎನ್ನುವ ‘ಯಲ್ಲಾ’ದಲ್ಲಿ ಶುರುವಾಗಿ ಆಯಿತು ಎನ್ನುವ ‘ಖಲಾಸ್’ನಲ್ಲಿ ಮುಗಿಯುತ್ತದೆ. ಕಾರು ಕೆಟ್ಟಿದೆಯೇ ಎಂದು ಆತ ಕೇಳಿದ್ದಷ್ಟೇ ತಿಳಿಯಿತು. ಶಾಲೆಯಲ್ಲಿ ಅರಬ್ಬಿ ಕಲಿತಿದ್ದ ಸಿರಿ ಮೂಗು ಒರೆಸಿಕೊಂಡು ಏನೇನೋ ಹೇಳಿದಳು. ಆತ ಒಮ್ಮೆ ಅವಳನ್ನೂ ಒಮ್ಮೆ ನನ್ನನ್ನೂ ನೋಡಿದ. ದಂಡದ ಚೀಟಿ ಬರೆಯುತ್ತಾನೆಂದು ನಾನು ಲೈಸೆನ್ಸ್ ಹುಡುಕುತ್ತಿದ್ದೆ. ಆತ ಆ ಹಳದಿ ಗೋಡೆಯ ಕಡೆ ಕೈ ತೋರಿಸಿ ಎರಡು ಮಾತು ಹೇಳಿ, ಹಿಂದಿನ ವಾಹನಗಳಿಗೆ ಅಂಗೈ ಅಡ್ಡ ಹಿಡಿದು ನಿಂತ.

ಏನಂತೆ ಎಂದು ಮಗಳನ್ನು ಕೇಳಿದೆ.

“ಆ ಗೋಡೆ ಹತ್ರ ಕಾರು ನಿಲ್ಲಿಸಿ ಮಾತಾಡಿ, ಅಲ್ಲಿಗೆ ಯಾರೂ ಬರಲ್ಲ ಅಂತೆ.”

ನನಗೆ ತಿಳಿದ ಮಟ್ಟಿಗೆ ಆ ನಾಲ್ಕನೆಯ ದಿಕ್ಕಿಗೆ ವರ್ಷಗಳ ಮೇಲೆ ಹೋದ ಮೊದಲ ವಾಹನ ನಮ್ಮದೇ. ಎರಡು ಕಾರಿನಷ್ಟು ಡಾಂಬರಿನ ಮೇಲೆ ಗೋಡೆಗೆ ಮುಖ ಮಾಡಿ ಒಂದು ಗಂಟೆ ಕೂತೆವು. ಕನ್ನಡಿಯಲ್ಲಿ ನಮ್ಮ ಪಾಲಿನ ಹಸಿರು ಬಂತು, ಹೋಯಿತು, ಮತ್ತೆ ಬಂತು, ನಾವು ಅಲುಗಲಿಲ್ಲ. ಅವಳು ಹೇಳಿದ್ದನ್ನೆಲ್ಲ ಇಲ್ಲಿ ಬರೆಯಲಾರೆ. ಆರು ತಿಂಗಳಿಂದ ಅವಳಿಗೆ ಸರಿಯಾಗಿ ನಿದ್ದೆ ಬರುತ್ತಿರಲಿಲ್ಲವಂತೆ; ಪಕ್ಕದ ಕೋಣೆಯಲ್ಲಿದ್ದ ನನಗೆ ಅದು ಗೊತ್ತೇ ಆಗಿರಲಿಲ್ಲ.

ಮನೆಗೆ ಹೋಗಿ ಗಂಡನಿಗೆ ಹೇಳಿದೆ. ಅವರು ಷೂ ಬಿಚ್ಚುತ್ತಿದ್ದವರು ಹಾಗೇ ಕೂತು, ತಮಗೂ ಕಳಿಸಲು ಮನಸ್ಸಿರಲಿಲ್ಲ ಎಂದರು. ಮತ್ತೆ ಯಾಕೆ ತಲೆಯಾಡಿಸಿದಿರಿ ಎಂದರೆ, “ನೀನು ಅಷ್ಟು ಖಚಿತವಾಗಿ ಹೇಳ್ತಿದ್ದೆ. ನಿನಗೆ ಬೇಕಿರಬೇಕು ಅಂದ್ಕೊಂಡೆ” ಎಂದರು. ನನಗಾದರೂ ಬೇಕಿತ್ತೇ ಎಂದು ಕೇಳಿಕೊಂಡೆ. ಎಲ್ಲರೂ ಕಳಿಸುತ್ತಾರೆ, ನಾವೂ ಕಳಿಸಬೇಕು ಎಂದುಕೊಂಡಿದ್ದೆ, ಅಷ್ಟೇ. ಅಕ್ಕನಿಗೆ ಸಿರಿಯೇ ಫೋನ್ ಮಾಡಿ ಹೇಳಿದಳು. ಅಕ್ಕ, ಹಾಗಾದರೆ ರಜಕ್ಕೆ ಬಂದು ಆ ಕೋಣೆಯಲ್ಲಿ ಒಂದು ತಿಂಗಳಾದರೂ ಇರಬೇಕು, ಬಣ್ಣ ನೀನೇ ಆರಿಸಿದ್ದು ತಾನೇ, ಎಂದಳಂತೆ. ಆ ಬೇಸಿಗೆ ಅವಳು ಹೋಗಿ ಇದ್ದು ಬಂದಳು. ಹನ್ನೊಂದನೆಯ ಕ್ಲಾಸಿಗೆ ಇಲ್ಲೇ ಸೇರಿದಳು.

ಕಳೆದ ಚಳಿಗಾಲದಲ್ಲಿ ಆ ಸಿಗ್ನಲನ್ನು ಕಿತ್ತರು. ಕ್ರೇನಿನಲ್ಲಿ ಕಂಬ ಅಡ್ಡಲಾಗಿ ತೂಗುತ್ತ ಹೋಗುವುದನ್ನು ಹಮೀದ್ ಭಾಯಿಯೂ ನಾನೂ ಆಫೀಸಿನ ಗೇಟಿನಿಂದ ನೋಡಿದೆವು. ಒಳ್ಳೆ ಸಿಗ್ನಲ್, ಪಾಪ, ಯಾರಿಗೂ ಅರ್ಜೆಂಟ್ ಮಾಡ್ಲಿಲ್ಲ, ಎಂದು ಅವರು ಅದಕ್ಕೆ ವಿದಾಯ ಹೇಳಿದರು. ಈಗ ಅಲ್ಲಿ ಕ್ಯಾಮೆರಾ ಇರುವ ಹೊಸದು ಬಂದಿದೆ. ಎಷ್ಟು ಕಾರು ನಿಂತಿವೆ ಎಂದು ತಾನೇ ನೋಡಿ ದಾರಿ ಬಿಡುತ್ತದೆ. ರಸ್ತೆ ಮೂರೇ ಎಂಬುದು ಅದಕ್ಕೆ ಗೊತ್ತು. ಲಿಫ್ಟ್ ಎಂಜಿನಿಯರಾಗಿ ನಾನು ಅದನ್ನು ಮೆಚ್ಚಲೇಬೇಕು. ಮೆಚ್ಚುತ್ತೇನೆ ಕೂಡ, ಆದರೆ ಬೆಳಿಗ್ಗೆ ಆಫೀಸಿಗೆ ಹೋಗುವಾಗ ಮಾತ್ರ.

ಮೊನ್ನೆ ಸಂಜೆ ಕಾರಿನಲ್ಲಿ ಕೂತು ಬೆಲ್ಟ್ ಹಾಕಿಕೊಳ್ಳುತ್ತ ಸಿರಿ, ಇವತ್ತು ಸಮುದ್ರದ ಪಕ್ಕದ ಗಲ್ಫ್ ರೋಡಿನಲ್ಲಿ ಹೋಗೋಣ ಎಂದಳು. ಅದು ಸುತ್ತು ದಾರಿ ಎಂದೆ.

“ಗೊತ್ತು. ಹೇಳೋದು ಸ್ವಲ್ಪ ಉದ್ದ ಇದೆ.”

ಸರಿ ಎಂದು ಕಾರು ತಿರುಗಿಸಿದೆ. ಮೊದಲ ಸಿಗ್ನಲ್ ಹಸಿರಿತ್ತು, ಎರಡನೆಯದೂ ಹಸಿರು. ಮೂರನೆಯದು ದೂರದಿಂದಲೇ ಹಸಿರಾಗಿ ಕಂಡಾಗ ನಾನು ಮೆಲ್ಲನೆ ವೇಗ ತಗ್ಗಿಸಿದೆ. ಹಿಂದಿನವನು ಹಾರ್ನ್ ಮಾಡಿದ. ಮಾಡಲಿ.