ಯಾವ ಮಿಷನ್ ಬೇಕೆಂದು ನನ್ನನ್ನೇ ಕೇಳಿದರು

ಬೊಮ್ಮಸಂದ್ರದಲ್ಲಿ ಅಡುಗೆಮನೆಯ ಕಪಾಟು ಮಾಡುವ ಕಾರ್ಖಾನೆಯೊಂದರಲ್ಲಿ ನನ್ನದು ಒಂಬತ್ತು ವರ್ಷದ ಕೆಲಸ. ಹಲಗೆಗೆ ಹಲಗೆ ಕೂರಿಸಿ ಸ್ಕ್ರೂ ಬಿಗಿಯುವುದು. ಸಾಲಿನಲ್ಲಿ ಹನ್ನೆರಡು ಜನ ಹೆಂಗಸರು, ಎಲ್ಲರಿಗಿಂತ ಹಳಬಳು ನಾನು. ಆ ಹಿರಿತನವೇ ನನಗೆ ಮುಳುವಾಯಿತು.

ನಮ್ಮ ಕೈಯಲ್ಲಿದ್ದದ್ದು ಬ್ಯಾಟರಿಯ ಡ್ರಿಲ್ ಡ್ರೈವರ್. ಒಳ್ಳೆಯ ಮಿಷನ್ನೇ, ಬೈಯಬಾರದು. ಆದರೆ ಉದ್ದನೆಯ ಸ್ಕ್ರೂ ಪೂರ್ತಿ ಒಳಗೆ ಹೋಗಿ ಕಚ್ಚಿಕೊಂಡ ಗಳಿಗೆಯಲ್ಲಿ ಸ್ಕ್ರೂ ನಿಂತು ಮಿಷನ್ನೇ ತಿರುಗುತ್ತದೆ, ಅದರ ಜೊತೆಗೆ ಮಣಿಕಟ್ಟೂ ತಿರುಚಿಕೊಳ್ಳುತ್ತದೆ. ಎರಡು ವರ್ಷದಿಂದ ನನ್ನ ಬಲಗೈ ಸತ್ತಂತಾಗಿತ್ತು. ಚಂದಾಪುರದ ಬಾಡಿಗೆ ಕೋಣೆಯಲ್ಲಿ ಬೆಳಿಗ್ಗೆ ಎದ್ದು ಬಟ್ಟೆ ಹಿಂಡಲು ಆಗುತ್ತಿರಲಿಲ್ಲ. ಎಡಗೈಯಲ್ಲಿ ಕಲ್ಲಿಗೆ ಒತ್ತಿ ನೀರಿಳಿಸುತ್ತಿದ್ದೆ. ಕಾರ್ಖಾನೆಯಲ್ಲಿ ಮಾತ್ರ ತುಟಿಪಿಟಿಕ್ ಎನ್ನುತ್ತಿರಲಿಲ್ಲ. ಕೈನೋವು ಅಂದವರನ್ನು ಮೊದಲು ಪ್ಯಾಕಿಂಗಿಗೆ ಹಾಕುತ್ತಾರೆ, ಆಮೇಲೆ ಕಂಟ್ರಾಕ್ಟರ್ ಬಂದು "ನಾಳೆಯಿಂದ ಬರ್ಬೇಡಮ್ಮ" ಅನ್ನುತ್ತಾನೆ. ನನ್ನ ಕಣ್ಣೆದುರೇ ಇಬ್ಬರು ಹಾಗೆ ಹೋಗಿದ್ದರು. ನಮ್ಮ ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ.

ಹಳೆಯ ಮಿಷನ್ನುಗಳು ಸೋತಾಗ ಅಂಗಡಿಯವನೊಬ್ಬ ಎರಡು ಹೊಸ ಮಿಷನ್ ಹಿಡಿದು ಬಂದ. ಒಂದು ನಮ್ಮದೇ ಥರದ ಡ್ರಿಲ್ ಡ್ರೈವರ್, ಇನ್ನೊಂದು ಮೋಟು ಮೂತಿಯ ಇಂಪ್ಯಾಕ್ಟ್ ಡ್ರೈವರ್. ಸೂಪರ್‌ವೈಸರ್ ಸಾಲಿನ ಮುಂದೆ ನಿಂತು ನನ್ನನ್ನೇ ಕರೆದರು.

"ಬನ್ನಿ ಅಕ್ಕ, ನೀವೇ ಸೀನಿಯರ್ರು. ಎರಡೂ ಟ್ರೈ ಮಾಡಿ ಹೇಳ್ಬಿಡಿ. ನೀವ್ ಹೇಳಿದ್ದೇ ಎಲ್ಲರಿಗೂ."

ಇಂಪ್ಯಾಕ್ಟ್ ಹಿಡಿದು ಒತ್ತಿದೆ. ಕಟಕಟಕಟ ಎಂದು ಕಿವಿ ಹರಿಯುವ ಸದ್ದು. ಸ್ಕ್ರೂ ಕಚ್ಚಿಕೊಂಡಿತು, ನಾನು ಉಸಿರು ಹಿಡಿದು ಕಾದೆ. ಕೈ ತಿರುಗಲೇ ಇಲ್ಲ! ಒಳಗೊಳಗೇ ಸುತ್ತಿಗೆ ಬಡಿದಂತೆ ಬಡಿದು ಸ್ಕ್ರೂ ಇಳಿಸಿತು, ಮಣಿಕಟ್ಟಿಗೆ ಸುದ್ದಿಯೇ ಇಲ್ಲ. ಅಯ್ಯೋ ಶಿವನೇ, ಇಷ್ಟು ವರ್ಷ ಎಲ್ಲಿದ್ದೆಯೋ ಮಾರಾಯ ಅನ್ನಿಸಿ ಕಣ್ಣಲ್ಲಿ ನೀರು ಬಂತು. ಆ ಖುಷಿಯಲ್ಲಿ ಬೆರಳು ತೆಗೆಯುವುದು ತಡವಾಗಿ, ಸ್ಕ್ರೂ ಹಲಗೆಯೊಳಗೇ ಹೂತು ಅಂಚು ಸೀಳಿತು.

"ಇದರಲ್ಲಿ ಅದೊಂದೇ ಪ್ರಾಬ್ಲಮ್ಮು," ಅಂದ ಅಂಗಡಿಯವನು. "ಡ್ರಿಲ್ ಡ್ರೈವರ್ ಆದ್ರೆ ಇಷ್ಟೇ ಬಿಗಿ ಅಂತ ಸೆಟ್ ಮಾಡ್ಬೋದು, ತಾನೇ ನಿಲ್ಲತ್ತೆ. ಇದಕ್ಕೆ ಕೈ ಪಳಗ್ಬೇಕು."

ಕೈ ಪಳಗಬೇಕಂತೆ! ಒಂಬತ್ತು ವರ್ಷ ಪಳಗಿ ಹಾಳಾದ ಕೈ ಇದು, ಇನ್ನೆಷ್ಟು ಪಳಗಲಿ? ಆ ಡ್ರಿಲ್ ತಾನೇ ನಿಲ್ಲುವಷ್ಟರಲ್ಲಿ ನನ್ನ ಮಣಿಕಟ್ಟು ತಿರುಚಿಕೊಂಡಿರುತ್ತದೆ ಎಂದು ಅವನಿಗೆ ಹೇಳುವವರು ಯಾರು?

ಸೂಪರ್‌ವೈಸರ್ ಸೀಳಿದ ಹಲಗೆ ನೋಡಿದರು. "ಹಲಗೆ ಒಡೆಯೋ ಮಿಷನ್ ಯಾಕಕ್ಕ? ಇದೇ ಬೇಕು ಅನ್ನೋಕೆ ಏನಾದ್ರೂ ರೀಸನ್ ಇದ್ರೆ ಹೇಳಿ."

ಕಾರಣ ಇತ್ತು, ಒಂದೇ ಒಂದು. ಅದನ್ನು ಹೇಳಿದರೆ ಕೆಲಸ ಹೋಗುತ್ತದೆ, ಹೇಳದಿದ್ದರೆ ಕೈ ಹೋಗುತ್ತದೆ. ಅತ್ತ ದರಿ, ಇತ್ತ ಪುಲಿ. ಹಿಂದೆ ಹನ್ನೊಂದು ಜನ ನನ್ನ ಬಾಯನ್ನೇ ನೋಡುತ್ತಿದ್ದರು.

"ಹಳೇ ತರದ್ದೇ ಸಾಕು ಸಾರ್. ಕೈಗೆ ಒಗ್ಗೋಗೈತೆ," ಅಂದುಬಿಟ್ಟೆ.

"ಹನ್ನೆರಡೂ ಡ್ರಿಲ್ ಡ್ರೈವರ್ರೇ ಕಳ್ಸಿ ಗುರು," ಎಂದು ಅವರು ಅಂಗಡಿಯವನಿಗೆ ಅಲ್ಲೇ ಹೇಳಿ ಮುಗಿಸಿದರು.

ಊಟದ ಹೊತ್ತಿಗೆ ಪಕ್ಕದ ಮೇಜಿನವಳು ಬುತ್ತಿಡಬ್ಬಿಯನ್ನು ನನ್ನತ್ತ ತಳ್ಳಿದಳು. ಬಾಗಲಕೋಟೆ ಕಡೆಯವಳು, ಕೆಲಸಕ್ಕೆ ಸೇರಿ ಇನ್ನೂ ವರ್ಷವಾಗಿರಲಿಲ್ಲ. "ಅಕ್ಕಾರ, ಸ್ವಲ್ಪ ಮುಚ್ಚಳ ತಗದು ಕೊಡ್ರಿ."

ಹಿಡಿದು ತಿರುಗಿಸಿದೆ, ಮಿಸುಕಲಿಲ್ಲ. ಅವಳು ನನ್ನ ಕೈ ನೋಡಿದಳು, ನಾನು ಅವಳದನ್ನು ನೋಡಿದೆ. ಅವಳ ಮಣಿಕಟ್ಟು ಬಾತುಕೊಂಡಿತ್ತು.

"ನೀವು ಆ ಹೊಸಾದು ಬೇಕಂತೀರಿ ಅಂತ ದೇವರಿಗೆ ಕೈ ಮುಗದು ನಿಂತಿದ್ದೆ ನೋಡ್ರಿ," ಅಂದಳು.

ಅವಳು ಬೈದಿದ್ದರೆ ತಿರುಗಿ ಬೈಯುತ್ತಿದ್ದೆ, ಅದು ನನಗೆ ಬರುತ್ತದೆ. ಆದರೆ ಅವಳು ಬೈಯಲಿಲ್ಲ. ಥೂ ನನ್ನ ಜನ್ಮಕ್ಕೆ ಎಂದುಕೊಂಡು, ಅವಳ ರಟ್ಟೆ ಹಿಡಿದು ನೇರ ಸೂಪರ್‌ವೈಸರ್ ಹತ್ತಿರ ಹೋದೆ.

"ಸಾರ್, ಆ ಇನ್ನೊಂದು ಮಿಷನ್ನೇ ತರ್ಸುದ್ರೆ..."

ಅನ್ನ ಕಲಸುತ್ತಿದ್ದವರು ತಲೆಯೆತ್ತಿದರು. "ಯಾಕಕ್ಕ, ಕೈ ಏನಾದ್ರೂ ನೋವಾ?" ಒಳ್ಳೆಯ ದನಿಯಲ್ಲೇ ಕೇಳಿದರು.

"ಛೇ ಛೇ, ಇಲ್ಲ ಸಾರ್. ಸುಮ್ಕೆ ಕೇಳ್ದೆ."

"ನನಗೂ ಏನಿಲ್ರಿ ಸರ," ಅಂದಳು ಪಕ್ಕದಲ್ಲಿ ನಿಂತಿದ್ದವಳು. ಅವಳನ್ನು ಯಾರೂ ಕೇಳಿರಲಿಲ್ಲ.